ದೇಶ ಹೋಯ್ತು, ಹಾಡು ಉಳೀತು

ನಾನು ದಿನಾ ಆಫೀಸಿಗೆ ಹೋಗೋದು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ. ಮ್ಯೂನಿಕ್‌ನಲ್ಲಿ ನಮ್ಮಿಬ್ಬರ ಮನೆಯೂ ಒಂದೇ ಕಡೆ, ಆಫೀಸು ಊರಾಚೆ. ಅವರು ಬೆಲ್‌ಗ್ರೇಡ್‌ನವರು, ವಯಸ್ಸು ಐವತ್ತು ದಾಟಿದೆ. (ಇಲ್ಲಿ ಆಫೀಸಲ್ಲಿ ಎಲ್ಲರಿಗೂ ಏಕವಚನವೇ. ಆದ್ರೆ ನಮ್ಮಪ್ಪನ ವಯಸ್ಸಿನ ಹತ್ತಿರ ಇರೋರನ್ನ ಕನ್ನಡದಲ್ಲಿ ‘ಅವನು’ ಅಂತ ಬರೆಯೋಕೆ ನನ್ನ ಕೈ ಓಡೋದಿಲ್ಲ.) ಕಾರು ಹತ್ತಿದ ಕೂಡಲೇ ಗಿಟಾರಿನ ಗದ್ದಲ ಶುರುವಾಗುತ್ತೆ. ಮೊದಲ ವಾರ ತಲೆನೋವು ಬಂತು. ಎರಡನೇ ವಾರ ಅಭ್ಯಾಸ ಆಯ್ತು. ಮೂರನೇ ವಾರ ನನಗೇ ಗೊತ್ತಿಲ್ಲದೆ ಕಾಲು ತಾಳ ಹಾಕ್ತಾ ಇತ್ತು.

ಆಗ ಗಮನಿಸಿದ್ದು ಒಂದು ವಿಷಯ. ಒಂದು ನಿರ್ದಿಷ್ಟ ಹಾಡು ಶುರುವಾಗುತ್ತಿದ್ದಂತೆ ಅವರ ಬೆರಳು ತಾನಾಗಿ ಹೋಗಿ ಅದನ್ನು ಮುಂದಕ್ಕೆ ತಳ್ಳುತ್ತೆ. ಪ್ರತಿ ಸಲ. ಇಷ್ಟವಿಲ್ಲದಿದ್ದರೆ ಪಟ್ಟಿಯಿಂದಲೇ ತೆಗೆಯಬಹುದಲ್ಲ? ತೆಗೆಯೋದೂ ಇಲ್ಲ, ಕೇಳೋದೂ ಇಲ್ಲ. ಯಾಕೆ ಅಂತ ಕೇಳೋ ಧೈರ್ಯ ಬರೋಕೆ ನನಗೆ ಮೂರು ತಿಂಗಳು ಬೇಕಾಯ್ತು. ಅದಕ್ಕೆ ಮುಂಚೆ ಆ ಬ್ಯಾಂಡಿನ ಕಥೆ ಹೇಳಬೇಕು.

ಬ್ಯಾಂಡಿನ ಹೆಸರು ‘ಎಲೆಕ್ಟ್ರಿಚ್ನಿ ಒರ್ಗಜಮ್’. ಅರ್ಥ ನಿಮಗೇ ಆಗಿರುತ್ತೆ, ನಾನು ಕನ್ನಡಕ್ಕೆ ಅನುವಾದ ಮಾಡಲ್ಲ :-) ಮೊನ್ನೆ ಅಮ್ಮ ಫೋನಿನಲ್ಲಿ “ಹಿಂದೆ ಅದೇನೋ ಗಲಾಟೆ, ಏನು ಹಾಡು ಅದು?” ಅಂದಾಗ “ಸರ್ಬಿಯಾದ್ದಮ್ಮ, ಹೆಸರು ಬಾಯಲ್ಲಿ ಹೊರಳಲ್ಲ” ಅಂತ ಹೇಳಿ ಪಾರಾದೆ. ಸಂಗೀತದ ವಿಷಯದಲ್ಲಿ ನಾನು ತೀರಾ ದಡ್ಡ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ಇದು ವಿಮರ್ಶೆ ಅಲ್ಲ, ಕಾರಿನಲ್ಲಿ ಕೇಳಿದ್ದು ಮತ್ತು ಆಮೇಲೆ ಹುಡುಕಿ ಓದಿದ್ದು ಅಷ್ಟೆ.

ಯುಗೊಸ್ಲಾವಿಯಾ ಅಂದ್ರೆ ನಮಗೆಲ್ಲ ನೆನಪಾಗೋದು ಶಾಲೆಯ ಸಮಾಜ ಪುಸ್ತಕ. ಅಲಿಪ್ತ ಚಳವಳಿಯ ನಾಯಕರನ್ನು ಹೆಸರಿಸಿ: ನೆಹರೂ, ನಾಸೆರ್, ಟಿಟೋ. ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ನಡೆದದ್ದು 1961ರಲ್ಲಿ, ಬೆಲ್‌ಗ್ರೇಡ್‌ನಲ್ಲೇ. ಉತ್ತರ ಬರೆದು ಅಂಕ ತಗೊಂಡು ಮರೆತೆವು. ಆ ಟಿಟೋ ಆಳಿದ ದೇಶದಲ್ಲಿ ಆರು ಗಣರಾಜ್ಯಗಳಿದ್ದವು: ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಸರ್ಬಿಯಾ, ಮಾಂಟೆನೆಗ್ರೊ, ಮೆಸಿಡೋನಿಯಾ. ಸಮಾಜವಾದಿ ದೇಶವಾದರೂ ಸೋವಿಯತ್ ಬಣಕ್ಕೆ ಸೇರಿರಲಿಲ್ಲ. ಜನ ಪಾಸ್‌ಪೋರ್ಟ್ ಹಿಡಿದು ಪಶ್ಚಿಮ ಯುರೋಪಿಗೆ ಹೋಗಿಬರಬಹುದಿತ್ತು. ಇಂಗ್ಲಿಷ್ ರಾಕ್ ರೆಕಾರ್ಡುಗಳು ಅಲ್ಲೇ ಅಧಿಕೃತವಾಗಿ ಅಚ್ಚಾಗಿ ಅಂಗಡಿಗೆ ಬರ್ತಿದ್ದವು.

ಹಾಗಾಗಿ ಲಂಡನ್ನಿನಲ್ಲಿ 1976-77ರಲ್ಲಿ ಹತ್ತಿಕೊಂಡ ಪಂಕ್ ಬೆಂಕಿ ಅಲ್ಲಿಗೆ ಬೇಗ ತಲುಪಿತು. ಪಂಕ್ ಅಂದ್ರೆ ಸರಳವಾಗಿ ಹೇಳೋದಾದ್ರೆ, ಮೂರು ಸ್ವರಕಟ್ಟು ಗೊತ್ತಿದ್ದರೆ ಸಾಕು, ವೇದಿಕೆ ಹತ್ತಿ ಮನಸ್ಸಿಗೆ ಬಂದದ್ದನ್ನು ಕೂಗು. ವರ್ಷಗಟ್ಟಲೆ ಪಾಠ, ಅಭ್ಯಾಸ ಏನೂ ಬೇಡ. 1977ರಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ‘ಪಾಂಕ್ರ್ಟಿ’, 1978ರಲ್ಲಿ ಸರ್ಬಿಯಾದ ನೋವಿಸಾದ್‌ನಲ್ಲಿ ‘ಪೆಕಿನ್ಶ್ಕಾ ಪಾಟ್ಕಾ’ ಹುಟ್ಟಿದವು. 1980ರ ಜನವರಿಯಲ್ಲಿ ಬೆಲ್‌ಗ್ರೇಡ್‌ನ ಸರದಿ. ‘ಹಿಪ್ನೊಟಿಸಾನೊ ಪಿಲೆ’ (ಸಮ್ಮೋಹನಕ್ಕೆ ಸಿಕ್ಕ ಕೋಳಿಮರಿ!) ಅನ್ನೋ ತಂಡದ ಹುಡುಗರು ಪಕ್ಕದಲ್ಲಿ ಇನ್ನೊಂದು ತಂಡ ಕಟ್ಟಿ ಅದಕ್ಕೆ ಈ ಪೋಲಿ ಹೆಸರಿಟ್ಟರು. ಕೋಳಿಮರಿ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ, ಪಕ್ಕದ್ದೇ ಉಳೀತು. ಹಾಡುಗಾರ ಸ್ರ್ಜಾನ್ ಗೊಯ್ಕೊವಿಚ್, ಎಲ್ಲರ ಬಾಯಲ್ಲಿ ‘ಗಿಲೆ’. ಡ್ರಮ್ ಬಾರಿಸುವವನು ಗೊರಾನ್ ಚಾವಾಯ್ಡಾ, ಅಡ್ಡಹೆಸರು ‘ಚಾವ್ಕೆ’.

ಅದೇ ವರ್ಷ ಮೇ 4ರಂದು ಟಿಟೋ ತೀರಿಕೊಂಡರು. ದೇಶವನ್ನು ಕಟ್ಟಿ ಹಿಡಿದಿದ್ದ ಮನುಷ್ಯ ಹೋದಮೇಲೆ ಮುಂದೇನು ಅಂತ ದೊಡ್ಡವರೆಲ್ಲ ಚಿಂತೆಯಲ್ಲಿದ್ದಾಗ, ಈ ಹುಡುಗರು ಸ್ಟುಡಿಯೋ ಹುಡುಕ್ತಾ ಇದ್ದರು.

1981ರಲ್ಲಿ ಬಂತು ‘ಪಾಕೆಟ್ ಅರಾಂಜ್ಮಾನ್’ ಅನ್ನೋ ರೆಕಾರ್ಡು. ಹೆಸರಿನ ಅರ್ಥ ಪ್ಯಾಕೇಜ್ ಟೂರು ಅಂತ. ಬೆಲ್‌ಗ್ರೇಡ್‌ನ ಮೂರು ಹೊಸ ತಂಡಗಳನ್ನು ಒಟ್ಟಿಗೆ ಕಟ್ಟಿಕೊಟ್ಟ ಪೊಟ್ಟಣ ಅದು: ನಮ್ಮ ಎಲೆಕ್ಟ್ರಿಚ್ನಿ, ‘ಇದೊಲಿ’ ಮತ್ತು ‘ಶಾರ್ಲೊ ಅಕ್ರೊಬಾಟಾ’. ರೆಕಾರ್ಡ್ ಮಾಡಿದ್ದು ಬೆಲ್‌ಗ್ರೇಡ್‌ನಲ್ಲಿ, ಹೊರತಂದದ್ದು ಕ್ರೊಯೇಷಿಯಾದ ಜಾಗ್ರೆಬ್‌ನ ‘ಯೂಗೊಟೊನ್’ ಕಂಪನಿ. ಅವತ್ತಿಗೆ ಇದರಲ್ಲಿ ವಿಶೇಷ ಏನೂ ಇರಲಿಲ್ಲ, ಬೆಂಗಳೂರಿನವರ ಕ್ಯಾಸೆಟ್ಟನ್ನು ಮದರಾಸಿನವರು ತಂದ ಹಾಗೆ.

ಈ ರೆಕಾರ್ಡಿನಲ್ಲಿ ಎಲೆಕ್ಟ್ರಿಚ್ನಿಯದು ‘ಝ್ಲಾಟ್ನಿ ಪಾಪಗಾಯ್’ (ಚಿನ್ನದ ಗಿಳಿ) ಅಂತ ಒಂದು ಹಾಡಿದೆ. ಅದು ಬೆಲ್‌ಗ್ರೇಡ್‌ನಲ್ಲಿ ನಿಜವಾಗಿ ಇದ್ದ ಒಂದು ಕಾಫಿ ಅಂಗಡಿಯ ಹೆಸರು. ದುಡ್ಡಿದ್ದವರ ಮಕ್ಕಳು ಒಳ್ಳೆ ಬಟ್ಟೆ ತೊಟ್ಟು ಬಂದು ಕೂರುತ್ತಿದ್ದ ಜಾಗ. ಹಾಡಿನ ತುಂಬ ಅವರ ಗೇಲಿ. ನೋಡಿ, ಈ ಹುಡುಗರು ಸರ್ಕಾರ ಉರುಳಿಸೋಕೆ ಹೊರಟವರಲ್ಲ. ತಮ್ಮ ಬೀದಿಯ ಜಂಬದವರನ್ನು ಆಡಿಕೊಂಡು ನಗೋದು ಅವರ ರಾಜಕೀಯ. ರಾಜಕೀಯ ಆಮೇಲೆ ತಾನಾಗೇ ಇವರನ್ನು ಹುಡುಕಿಕೊಂಡು ಬಂತು.

ಆ ಕಾಲದ ಈ ಹೊಸ ಸಂಗೀತಕ್ಕೆ ‘ಹೊಸ ಅಲೆ’ ಅಂತ ಹೆಸರು. ಅಲೆಗೆ ಸರ್ಬರು ‘ಟಾಲಾಸ್’ ಅಂದ್ರೆ ಕ್ರೊಯೇಷಿಯಾದವರು ‘ವಾಲ್’ ಅಂತಾರೆ. ಅಲೆ ಒಂದೇ, ಶಬ್ದ ಎರಡು. ನಮ್ಮ ಧಾರವಾಡ-ಮೈಸೂರಿನ ವ್ಯತ್ಯಾಸದ ಹಾಗೆ ಅಂದುಕೊಳ್ಳಿ. ಹತ್ತು ವರ್ಷದ ನಂತರ ಇಂಥ ಸಣ್ಣ ಶಬ್ದಗಳೇ ನೀನು ಯಾವ ಕಡೆಯವನು ಅಂತ ತೋರಿಸಿಕೊಡುವ ಗುರುತಾದವು.

1981ರಲ್ಲೇ ತಂಡದ ಹೆಸರಿನದೇ ಮೊದಲ ಆಲ್ಬಮ್ ಬಂತು. ಅದೇ ವರ್ಷ ಪೋಲೆಂಡಿಗೆ ಹೋಗಿ ಹಾಡಿದರು, ಆ ಕಛೇರಿಯ ಧ್ವನಿಮುದ್ರಣ ‘ವಾರ್ಷಾವಾ 81’ ಅನ್ನೋ ಹೆಸರಲ್ಲಿ ಹೊರಬಂತು. ಡಿಸೆಂಬರ್ 13ಕ್ಕೆ ಪೋಲೆಂಡಿನಲ್ಲಿ ಸೈನಿಕ ಆಡಳಿತ ಹೇರಲಾಯಿತು. ಟ್ಯಾಂಕುಗಳು ಬೀದಿಗೆ ಬರೋದು ಬೇರೆಯವರ ದೇಶದಲ್ಲಿ ಮಾತ್ರ ಅಂತ ಆಗ ಯುಗೊಸ್ಲಾವಿಯಾದ ಎಷ್ಟೋ ಹುಡುಗರು ನಂಬಿದ್ದರಂತೆ. ಇದು ನಮ್ಮ ಕಾರಿನ ಯಜಮಾನರ ಮಾತು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಪಂಕ್‌ನವರು ಪಂಕ್‌ನಲ್ಲೇ ಇರಲಿಲ್ಲ. 1982ರಲ್ಲಿ ಒಂಥರಾ ಮಂಪರಿನ ಸಂಗೀತ, 1983ರಲ್ಲಿ ತಮ್ಮ ಇಷ್ಟದ ಇಂಗ್ಲಿಷ್ ಹಾಡುಗಳದೇ ಒಂದು ಆಲ್ಬಮ್, 1986ರ ‘ಡಿಸ್ಟೊರ್ಜಿಯಾ’ ಹೊತ್ತಿಗೆ ಅಪ್ಪಟ ರಾಕ್ ಅಂಡ್ ರೋಲ್. ಆದರೆ 1987ರ ಒಂದು ಆಲ್ಬಮ್ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. ಜಾಗ್ರೆಬ್‌ನ ‘ಕುಲುಶಿಚ್’ ಕ್ಲಬ್ಬಿನಲ್ಲಿ ಜನರ ಮುಂದೆ ಹಾಡಿದ್ದನ್ನೇ ಮುದ್ರಿಸಿ ತಂದದ್ದು ಅದು. ಹೆಸರು ‘ಬ್ರಾಚೊ ಇ ಸೆಸ್ಟ್ರೆ’. ಅಂದರೆ, ಸಹೋದರ ಸಹೋದರಿಯರೇ! ವಿವೇಕಾನಂದರ ಶಿಕಾಗೊ ಭಾಷಣ ನೆನಪಾಯ್ತಾ? ನನಗೂ ಆಯ್ತು. ಸರ್ಬಿಯಾದ ಬ್ಯಾಂಡು, ಕ್ರೊಯೇಷಿಯಾದ ಕ್ಲಬ್ಬು, ಈ ಹೆಸರು. ಇನ್ನು ನಾಲ್ಕೇ ವರ್ಷಕ್ಕೆ ಇವೆರಡರ ನಡುವೆ ಯುದ್ಧ.

1988ರಲ್ಲಿ ‘ಲೆಟಿಮ್, ಸಾನ್ಯಾಮ್, ಡಿಶೆಮ್’ ಬಂತು: ಹಾರ್ತೀನಿ, ಕನಸು ಕಾಣ್ತೀನಿ, ಉಸಿರಾಡ್ತೀನಿ. ತುಂಬಾ ಜನಪ್ರಿಯವಾದ ಆಲ್ಬಮ್. ಅದರಲ್ಲೊಂದು ಕುಣಿಸೋ ಹಾಡು, ಶೀರ್ಷಿಕೆಯ ಅರ್ಥ ‘ಇಡೀ ಯುಗೊಸ್ಲಾವಿಯಾ ರಾಕ್ ಅಂಡ್ ರೋಲ್ ಕುಣೀತಿದೆ’. ಮದುವೆ, ಡಿಸ್ಕೊ, ಶಾಲೆಯ ಪ್ರವಾಸದ ಬಸ್ಸು, ಎಲ್ಲ ಕಡೆ ಅದೇ ಹಾಡಂತೆ.

ನಮ್ಮವರ ಬೆರಳು ಮುಂದಕ್ಕೆ ತಳ್ಳೋದು ಇದೇ ಹಾಡನ್ನು.

1991ರ ಜೂನ್ 25ರಂದು ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿಕೊಂಡವು. ಯುದ್ಧ ಶುರುವಾಯ್ತು. ನವೆಂಬರ್‌ನಲ್ಲಿ ಡ್ಯಾನ್ಯೂಬ್ ದಂಡೆಯ ವುಕೊವಾರ್ ಪಟ್ಟಣ ತಿಂಗಳುಗಟ್ಟಲೆ ಗುಂಡು ತಿಂದು ಪುಡಿಯಾಗಿ ಬಿತ್ತು. ಬೆಲ್‌ಗ್ರೇಡ್‌ನಲ್ಲಿ ಹುಡುಗರ ಮನೆಗೆ ಸೈನ್ಯದ ಕರೆ ಬರತೊಡಗಿತು. ಅಲ್ಲಿನ ಬಹಳಷ್ಟು ಹುಡುಗರು ಹೋಗಲಿಲ್ಲ. ನೆಂಟರ ಮನೆ, ಗೆಳೆಯರ ಮನೆ ಅಂತ ರಾತ್ರಿಗೊಂದು ಕಡೆ ಮಲಗಿದರು.

ಇಲ್ಲಿಂದ ಈ ಬ್ಯಾಂಡಿನ ಕಥೆ ನನಗೆ ಬರೀ ಬ್ಯಾಂಡಿನ ಕಥೆಯಾಗಿ ಉಳಿಯಲಿಲ್ಲ. ಸೈನ್ಯಕ್ಕೆ ಒತ್ತಾಯದ ಭರ್ತಿ ಬೇಡ ಅಂತ ಬೆಲ್‌ಗ್ರೇಡ್‌ನಲ್ಲಿ ಸಹಿ ಸಂಗ್ರಹ ನಡೀತು. ಗಿಲೆ, ಚಾವ್ಕೆ, ಅವರ ಬೇಸ್ ಗಿಟಾರಿನವನು, ಜೊತೆಗೆ ‘ಪಾರ್ಟಿಬ್ರೇಕರ್ಸ್’ ಮತ್ತು ‘ಎಕಟರಿನಾ ವೆಲಿಕಾ’ ತಂಡದವರು ಸೇರಿ ಹೊಸದೊಂದು ತಂಡ ಕಟ್ಟಿದರು, ‘ರಿಮ್‌ಟುಟಿಟುಕಿ’. ಕೇಳೋಕೆ ಮಕ್ಕಳ ಆಟದ ಹಾಡಿನ ಥರ ಇದೆ ಅಲ್ವಾ? ಅಕ್ಷರ ಅದಲುಬದಲು ಮಾಡಿದರೆ ಒಂದು ಶುದ್ಧ ಬೈಗುಳ ಆಗುತ್ತೆ. (ಇವರಿಗೂ ಹೆಸರುಗಳಿಗೂ ಏನೋ ನಂಟು.) 1992ರಲ್ಲಿ ಇವರು ‘ಸ್ಲುಶಾಯ್ ವಾಮೊ’ ಅಂತ ಒಂದೇ ಒಂದು ಹಾಡಿನ ರೆಕಾರ್ಡ್ ತಂದರು. ‘ಇಲ್ಲಿ ಕೇಳು’ ಅಂತ ಅರ್ಥ. ಹೊರತಂದದ್ದು 1989ರಲ್ಲಿ ಶುರುವಾಗಿದ್ದ ಬಿ92 ರೇಡಿಯೋದವರು.

ಊರ ನಡುವಿನ ಗಣರಾಜ್ಯ ಚೌಕದಲ್ಲಿ ಹಾಡೋಕೆ ಅನುಮತಿ ಸಿಗಲಿಲ್ಲ. ಏನು ಮಾಡಿದರು? 1992ರ ಮಾರ್ಚ್ 8ರಂದು ಒಂದು ತೆರೆದ ಲಾರಿ ಹತ್ತಿದರು. ಡ್ರಮ್ಮು, ಗಿಟಾರು, ಸ್ಪೀಕರು ಎಲ್ಲ ಲಾರಿ ಮೇಲೆ. ಊರೆಲ್ಲ ಸುತ್ತುತ್ತಾ ಹಾಡಿದರು, ಜನ ಹಿಂದೆ ಹಿಂದೆ ನಡೆದರು. ನಮ್ಮೂರಲ್ಲಿ ಗಣಪತಿ ಬಿಡುವಾಗ ಲಾರಿ ಹಿಂದೆ ಹುಡುಗರು ಹೋಗ್ತಾರಲ್ಲ, ಹಾಗೆ. ಆದರೆ ಇವರು ಹಾಡ್ತಾ ಇದ್ದದ್ದು ಯುದ್ಧ ಬೇಡ ಅಂತ, ಯುದ್ಧ ಬೇಕು ಅನ್ನೋ ಸರ್ಕಾರದ ರಾಜಧಾನಿಯಲ್ಲಿ.

ಏಪ್ರಿಲ್ 22ರಂದು ಕೊನೆಗೂ ಅದೇ ಚೌಕದಲ್ಲಿ ದೊಡ್ಡ ಶಾಂತಿ ಕಛೇರಿ ನಡೀತು, ಸಾವಿರಾರು ಜನ ಸೇರಿದರು. ‘ನಮ್ಮನ್ನು ಲೆಕ್ಕಕ್ಕೆ ತಗೋಬೇಡಿ’ ಅನ್ನೋದು ಅದರ ಹೆಸರು. ಯುದ್ಧ ನಿಂತಿತಾ? ಇಲ್ಲ. ಆ ಹೊತ್ತಿಗಾಗಲೇ ಸರಾಯೆವೊ ನಗರದ ಮುತ್ತಿಗೆ ಶುರುವಾಗಿತ್ತು. ಸುಮಾರು ನಾಲ್ಕು ವರ್ಷ ಅದು ಮುಗಿಯಲಿಲ್ಲ.

ಮೇ 30ಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಬಂತು. 1993ರಲ್ಲಿ ಬೆಲೆಗಳು ಎಷ್ಟು ಏರಿದವು ಅಂದರೆ ಐವತ್ತು ಸಾವಿರ ಕೋಟಿ ದಿನಾರ್‌ನ ನೋಟು ಅಚ್ಚು ಹಾಕಿದರು. ಹೌದು, ಒಂದೇ ನೋಟು, ಐದರ ಮುಂದೆ ಹನ್ನೊಂದು ಸೊನ್ನೆ. ಅದರ ಮೇಲೆ ಜ್ಮಾಯ್ ಅನ್ನೋ ಕವಿಯ ಚಿತ್ರ, ಮಕ್ಕಳ ಪದ್ಯಕ್ಕೆ ಹೆಸರಾದವರು. ನಮ್ಮವರ ಪರ್ಸಿನಲ್ಲಿ ಅಂಥದೊಂದು ನೋಟು ಈಗಲೂ ಇದೆ, ನೋಡಿದೀನಿ.

ಲಾರಿ ಹತ್ತಿದವರ ಕಥೆ? ಎಕಟರಿನಾ ವೆಲಿಕಾದ ಮಿಲಾನ್ ಮ್ಲಾದೆನೊವಿಚ್ 1994ರ ನವೆಂಬರ್ 5ರಂದು ಕ್ಯಾನ್ಸರಿನಿಂದ ತೀರಿಕೊಂಡ. ಆಗ ಅವನಿಗೆ 36 ವರ್ಷ. ಪ್ಯಾಕೇಜ್ ಟೂರಿನ ರೆಕಾರ್ಡಿನಲ್ಲಿ ಶಾರ್ಲೊ ಅಕ್ರೊಬಾಟಾ ತಂಡದಲ್ಲಿ ಹಾಡಿದ್ದವನೂ ಇವನೇ. ಡ್ರಮ್ಮಿನ ಚಾವ್ಕೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ, 1997ರಲ್ಲಿ ಅಲ್ಲೇ ಸತ್ತ. ಗಿಲೆ ಮಾತ್ರ ಬ್ಯಾಂಡನ್ನು ಕೈಬಿಡಲಿಲ್ಲ. 1994ರಲ್ಲಿ ‘ಯಾಕಾಗಬಾರದು!’ ಅನ್ನೋ ಅರ್ಥದ ಹೆಸರಿನ ಆಲ್ಬಮ್, 1996ರಲ್ಲಿ ವಿದ್ಯುತ್ ಗಿಟಾರಿಲ್ಲದ ಕಛೇರಿ, 1999ರಲ್ಲಿ, 2002ರಲ್ಲಿ, 2010ರಲ್ಲಿ ಹೀಗೆ ಆಲ್ಬಮ್ ಬರ್ತಾನೇ ಇದ್ದವು. 2018ರದರ ಹೆಸರು ‘ಗ್ದೆ ಸ್ಮೊ ಸಾದ್?’, ಅಂದರೆ ‘ನಾವೀಗ ಎಲ್ಲಿದ್ದೀವಿ?’

ಸರಿ, ಆ ಬೆರಳಿನ ವಿಷಯಕ್ಕೆ ಬರೋಣ. ಒಂದು ಸಂಜೆ, ರಿಂಗ್ ರೋಡಿನಲ್ಲಿ ಗಾಡಿಗಳೆಲ್ಲ ನಿಂತುಹೋಗಿದ್ದವು. ಕೇಳಿಯೇ ಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

ಹಾಡು ಬಂದಾಗ ಅವರಿಗೆ ಹದಿನಾಲ್ಕು ವರ್ಷ. ಅವರ ಚಿಕ್ಕಮ್ಮ ಮದುವೆಯಾಗಿ ಜಾಗ್ರೆಬ್‌ನಲ್ಲಿದ್ದರು. ಬೇಸಿಗೆ ರಜಕ್ಕೆ ರೈಲು ಹತ್ತಿ ಅಲ್ಲಿಗೆ ಹೋದಾಗ ಚಿಕ್ಕಮ್ಮನ ಮಗ ಆ ಕ್ಯಾಸೆಟ್ ತಂದಿದ್ದ. ಇಬ್ಬರೂ ಮಂಚ ಮುರಿಯೋ ಹಾಗೆ ಕುಣಿದಿದ್ದರಂತೆ. 1992ರಲ್ಲಿ ಇಬ್ಬರಿಗೂ ಹದಿನೆಂಟು. ಒಬ್ಬನಿಗೆ ಈ ಸೈನ್ಯದ ಭಯ, ಇನ್ನೊಬ್ಬನಿಗೆ ಆ ಸೈನ್ಯದ್ದು. ಇಬ್ಬರ ನಡುವೆ ಫೋನ್ ಲೈನು ಕೂಡ ಇರಲಿಲ್ಲ. ಇವರಪ್ಪ ಸಾಲ ಮಾಡಿ ಇವರನ್ನು ಹಂಗೇರಿ ಮೂಲಕ ಮ್ಯೂನಿಕ್‌ಗೆ ಬಸ್ಸು ಹತ್ತಿಸಿದರು. ಚಿಕ್ಕಮ್ಮನ ಮಗ ಸೈನ್ಯಕ್ಕೆ ಹೋದ, ವಾಪಸ್ ಬಂದ. ಆದರೆ ಮೊದಲಿನ ಹಾಗೆ ಬರಲಿಲ್ಲ ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಹಾಡು ಸುಳ್ಳು ಅಂತ ಅನ್ನಿಸುತ್ತಾ?” ಅಂದೆ.

“ಸುಳ್ಳಾಗಿದ್ದರೆ ಆರಾಮಾಗಿ ಕೇಳ್ತಿದ್ದೆ” ಅಂದರು. “ಆಗ ನಿಜವಾಗಿತ್ತು. ಅದಕ್ಕೇ ಕಷ್ಟ.”

ಅವರಮ್ಮ ಈಗಲೂ ಬೆಲ್‌ಗ್ರೇಡ್‌ನ ಅದೇ ಮನೆಯಲ್ಲಿದ್ದಾರೆ. ಮನೆ ಬಿಟ್ಟು ಕದಲದೆ ನಾಲ್ಕು ದೇಶಗಳಲ್ಲಿ ಬಾಳಿದ್ದಾರೆ: ಹಳೆಯ ಯುಗೊಸ್ಲಾವಿಯಾ, 1992ರಿಂದ ಉಳಿದೆರಡು ಗಣರಾಜ್ಯಗಳ ಯುಗೊಸ್ಲಾವಿಯಾ, 2003ರಿಂದ ಸರ್ಬಿಯಾ-ಮಾಂಟೆನೆಗ್ರೊ, 2006ರಿಂದ ಸರ್ಬಿಯಾ. ನಾವು ವೀಸಾ, ಪೌರತ್ವ, ಊರಿಗೆ ವಾಪಸ್ ಹೋಗೋದಾ ಬೇಡ್ವಾ ಅಂತ ತಲೆ ಕೆಡಿಸಿಕೊಂಡು ಕೂರ್ತೀವಿ. ಹೋಗೋಕೆ ಊರಂತೂ ಇದೆಯಲ್ಲ, ಅದು ಎಲ್ಲೂ ಹೋಗಲ್ಲ ಅಂತ ಒಳಗೊಳಗೇ ನಂಬಿಕೊಂಡು. ಅವರೂ ಹಾಗೇ ನಂಬಿದ್ದರು.

ಕಳೆದ ಬೇಸಿಗೆಯಲ್ಲಿ ಅವರ ಮನೆಯ ಹಿತ್ತಲಲ್ಲಿ ಊಟವಿತ್ತು. ಬೋಸ್ನಿಯಾದವರೊಬ್ಬರು, ಜಾಗ್ರೆಬ್‌ನ ಒಂದು ದಂಪತಿ, ಸಸ್ಯಾಹಾರಿ ಅಂತ ಹುರಿದ ಮೆಣಸಿನಕಾಯಿ ಮುಂದೆ ಕೂತ ನಾನು. ಕತ್ತಲಾದಮೇಲೆ ಜಾಗ್ರೆಬ್‌ನ ಹೆಂಗಸು ತಮ್ಮ ಫೋನಿನಿಂದ ಆ ಹಾಡನ್ನೇ ಹಾಕಿಬಿಟ್ಟರು. ನಾನು ನಮ್ಮವರ ಕೈ ಕಡೆ ನೋಡಿದೆ. ಫೋನು ಅವರಿಗೆ ದೂರ ಇತ್ತು. ಬೋಸ್ನಿಯಾದವರು ಎದ್ದು ಕುಣಿಯೋಕೆ ಶುರು ಮಾಡಿದರು, ಆಮೇಲೆ ಎಲ್ಲರೂ ಕುಣಿದರು. ನಮ್ಮವರು ಕುಣಿಯಲಿಲ್ಲ. ಆದರೆ ಎದ್ದು ಒಳಗೂ ಹೋಗಲಿಲ್ಲ. ಹಾಡು ಮುಗಿಯೋವರೆಗೆ ಕೂತು ಕೇಳಿದರು.

ಸೋಮವಾರ ಕಾರಿನಲ್ಲಿ ಹಾಡು ಬಂತು, ಬೆರಳು ಮುಂದಕ್ಕೆ ತಳ್ಳಿತು. ನಾನು ಕಿಟಕಿಯಾಚೆ ನೋಡಿದೆ.