ಕಡಲತೀರದ ಕಪ್ಪು ಮರಳು: ಅಲೆಗಳು ಖನಿಜಗಳನ್ನು ಬೇರ್ಪಡಿಸುವ ಬಗೆ

ಮಳೆಗಾಲದ ಬಿರುಸು ಇಳಿದ ನಂತರ ಸಮುದ್ರ ತೀರದಲ್ಲಿ ಅಲ್ಲಲ್ಲಿ ಕಪ್ಪು ಅಥವಾ ಕಂದು ಬಣ್ಣದ ಮರಳಿನ ಪಟ್ಟಿಗಳು ಕಂಡುಬರುತ್ತವೆ. ಹಡಗುಗಳಿಂದ ಸೋರಿದ ತೈಲವೆಂದು ಇದನ್ನು ತಪ್ಪಾಗಿ ಭಾವಿಸುವವರೂ ಇದ್ದಾರೆ. ತೈಲದ ಉಂಡೆಗಳು ಕೈಗೆ ಅಂಟುತ್ತವೆ. ಕಪ್ಪು ಮರಳು ಅಂಟುವುದಿಲ್ಲ. ಒಣಗಿದ ಕಪ್ಪು ಮರಳಿನ ಬಳಿ ಸಾಮಾನ್ಯ ಅಯಸ್ಕಾಂತವನ್ನು ಹಿಡಿದರೆ ಅದರಲ್ಲಿರುವ ಮ್ಯಾಗ್ನೆಟೈಟ್ ಕಣಗಳು ಅಂಟಿಕೊಳ್ಳುತ್ತವೆ. ಈ ಪಟ್ಟಿಗಳು ಅಲೆಗಳಿಂದ ಉಂಟಾದ ಭಾರ ಖನಿಜಗಳ ಸಂಗ್ರಹವಾಗಿದ್ದು, ಇವುಗಳ ರಚನೆಯ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನಂತೆ ವಿವರಿಸಲಾಗಿದೆ.

ಖನಿಜಗಳ ಮೂಲ

ಪಶ್ಚಿಮ ಘಟ್ಟಗಳ ಶಿಲೆಗಳು ಬಿಸಿಲು, ಮಳೆಗಳಿಂದ ಸಾವಿರಾರು ವರ್ಷಗಳ ಕಾಲ ಶಿಥಿಲಗೊಂಡು ಕಣಗಳಾಗಿ ಒಡೆಯುತ್ತವೆ. ಮೆದುವಾದ ಖನಿಜಗಳು ಜೇಡಿಯಾಗಿ ಪರಿವರ್ತನೆಗೊಳ್ಳುತ್ತವೆ. ಬೆಣಚು, ಇಲ್ಮೆನೈಟ್, ರೂಟೈಲ್, ಜಿರ್ಕಾನ್, ಮೊನಝೈಟ್, ಗಾರ್ನೆಟ್, ಸಿಲ್ಲಿಮನೈಟ್ ಮುಂತಾದ ಗಟ್ಟಿ ಖನಿಜಗಳು ಕಣಗಳಾಗಿ ಉಳಿದು, ನದಿಗಳ ಮೂಲಕ ಸಮುದ್ರವನ್ನು ಸೇರುತ್ತವೆ. ಆಯಾ ಕರಾವಳಿಯ ಹಿನ್ನಾಡಿನಲ್ಲಿ ಯಾವ ಶಿಲೆಯಿದೆಯೋ ಅದಕ್ಕನುಗುಣವಾಗಿ ಅಲ್ಲಿನ ಮರಳಿನ ಖನಿಜಗಳು ಬದಲಾಗುತ್ತವೆ.

ತೂಕದ ವ್ಯತ್ಯಾಸ

ಬೆಣಚಿನ ಸಾಪೇಕ್ಷ ಸಾಂದ್ರತೆ ಸುಮಾರು 2.65. ಇಲ್ಮೆನೈಟ್ ಮತ್ತು ಜಿರ್ಕಾನ್‌ಗಳದು ಸುಮಾರು 4.7, ರೂಟೈಲ್‌ನದು 4.2, ಮೊನಝೈಟ್‌ನದು 5ಕ್ಕಿಂತ ತುಸು ಹೆಚ್ಚು. ನೀರಿನೊಳಗೆ ಈ ವ್ಯತ್ಯಾಸವು ಮತ್ತಷ್ಟು ಹಿಗ್ಗುತ್ತದೆ. ನೀರಿನ ತೇಲುವಿಕೆಯನ್ನು ಕಳೆದಾಗ ಬೆಣಚಿನ ಪಾಲಿಗೆ 1.65, ಇಲ್ಮೆನೈಟ್‌ನ ಪಾಲಿಗೆ 3.7 ಉಳಿಯುತ್ತದೆ. ಅಂದರೆ ಒಂದೇ ಗಾತ್ರದ ಕಣವಾದರೂ ಇಲ್ಮೆನೈಟ್ ನೀರಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಭಾರವಾಗಿ ವರ್ತಿಸುತ್ತದೆ.

ಅಲೆಯ ಕಾರ್ಯವಿಧಾನ

ಅಲೆಯು ಒಡೆದು ದಡದ ಮೇಲೆ ನುಗ್ಗುವಾಗ ಹಗುರ, ಭಾರವೆಂಬ ಭೇದವಿಲ್ಲದೆ ಎಲ್ಲಾ ಕಣಗಳನ್ನೂ ಮೇಲಕ್ಕೆ ಒಯ್ಯುತ್ತದೆ. ಮೇಲೇರಿದ ನೀರಿನ ಒಂದು ಭಾಗ ಮರಳಿನಲ್ಲಿ ಇಂಗುತ್ತದೆ. ಉಳಿದ ನೀರು ತೆಳುವಾದ ಪದರವಾಗಿ ಹಿಂದಿರುಗುತ್ತದೆ. ಬೇರ್ಪಡಿಸುವ ಕೆಲಸವು ಮುಖ್ಯವಾಗಿ ನಡೆಯುವುದು ಈ ಹಿಂಚಲನೆಯಲ್ಲಿ.

ಭಾರ ಖನಿಜಗಳ ಕಣಗಳು ಸಾಮಾನ್ಯವಾಗಿ ತಮ್ಮೊಡನಿರುವ ಬೆಣಚಿನ ಕಣಗಳಿಗಿಂತ ಸಣ್ಣವಾಗಿರುತ್ತವೆ. ನೀರಿನಲ್ಲಿ ಒಂದೇ ವೇಗದಿಂದ ಕೆಳಗಿಳಿಯುವ ದೊಡ್ಡ ಹಗುರ ಕಣ ಮತ್ತು ಸಣ್ಣ ಭಾರದ ಕಣ ಒಂದೇ ಸ್ಥಳದಲ್ಲಿ ಬಂದು ನೆಲೆಸುವುದೇ ಇದಕ್ಕೆ ಕಾರಣ. ಹೀಗೆ ನೆಲೆಸಿದ ನಂತರ ದೊಡ್ಡ ಬೆಣಚಿನ ಕಣಗಳು ಮೇಲೆ ಚಾಚಿಕೊಂಡಿದ್ದು ಹರಿಯುವ ನೀರಿಗೆ ಸುಲಭವಾಗಿ ಸಿಲುಕಿ ಉರುಳುತ್ತವೆ. ಸಣ್ಣ ಭಾರದ ಕಣಗಳು ಅವುಗಳ ಸಂದುಗಳಲ್ಲಿ ಅಡಗಿ ಉಳಿಯುತ್ತವೆ. ಅಕ್ಕಿಯನ್ನು ನೀರಿನಲ್ಲಿ ಗಾಳಿಸುವಾಗ ಅಕ್ಕಿ ನೀರಿನೊಡನೆ ಮುಂದೆ ಸಾಗಿ ಕಲ್ಲು ತಳದಲ್ಲಿ ಉಳಿಯುವುದಕ್ಕೆ ಇದನ್ನು ಹೋಲಿಸಬಹುದಾಗಿದೆ. ಒಂದು ಅಲೆಯ ಕೆಲಸ ಅತ್ಯಲ್ಪ. ಆದರೆ ಅದು ದಿನಕ್ಕೆ ಸಾವಿರಾರು ಬಾರಿ ಪುನರಾವರ್ತನೆಗೊಳ್ಳುತ್ತದೆ.

ಋತುಮಾನದ ಪಾತ್ರ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಎತ್ತರದ ಅಲೆಗಳು ತೀರದ ಹಗುರ ಮರಳನ್ನು ಸೆಳೆದೊಯ್ದು ಸಮುದ್ರದೊಳಗೆ ದಿಬ್ಬಗಳಾಗಿ ಇರಿಸುತ್ತವೆ. ಭಾರ ಖನಿಜಗಳು ದಡದ ಮೇಲ್ಭಾಗದಲ್ಲಿ ಕಪ್ಪು ಪದರವಾಗಿ ಉಳಿಯುತ್ತವೆ. ಮಳೆಗಾಲದ ನಂತರ ಶಾಂತವಾದ ಅಲೆಗಳು ಅದೇ ಮರಳನ್ನು ಹಿಂದಕ್ಕೆ ತಂದು ಕಪ್ಪು ಪದರದ ಮೇಲೆ ಹೊದಿಸುತ್ತವೆ. ತೀರದಲ್ಲಿ ಗುಂಡಿ ತೋಡಿದಾಗ ಕಪ್ಪು ಮತ್ತು ಬಿಳಿ ಪದರಗಳು ಒಂದರ ಮೇಲೊಂದು ಕಾಣುವುದಕ್ಕೆ ಇದೂ ಒಂದು ಕಾರಣ.

ಅಲೆಗಳು ದಡಕ್ಕೆ ಓರೆಯಾಗಿ ಬಂದಾಗ ನೀರು ಓರೆಯಾಗಿ ಏರಿ, ಇಳಿಜಾರಿನಲ್ಲಿ ನೇರವಾಗಿ ಇಳಿಯುತ್ತದೆ. ಇದರಿಂದ ಮರಳು ಹೆಜ್ಜೆ ಹೆಜ್ಜೆಯಾಗಿ ದಡದುದ್ದಕ್ಕೂ ಸಾಗುತ್ತದೆ. ಈ ಮಾರ್ಗದಲ್ಲಿ ಬಂಡೆ ಅಥವಾ ಕಟ್ಟಿದ ಗೋಡೆ ಅಡ್ಡ ಬಂದರೆ ಒಂದು ಪಾರ್ಶ್ವದಲ್ಲಿ ಮರಳು ಸಂಗ್ರಹವಾಗಿ, ಮತ್ತೊಂದು ಪಾರ್ಶ್ವದಲ್ಲಿ ಕೊರೆತ ಉಂಟಾಗುತ್ತದೆ.

ಚವರ ತೀರ

ಕೇರಳದ ಕೊಲ್ಲಂ ಜಿಲ್ಲೆಯ ನೀಂಡಕರದಿಂದ ಕಾಯಂಕುಳಂವರೆಗಿನ ಸುಮಾರು 22 ಕಿ.ಮೀ. ತೀರವು ಇಂತಹ ನಿಕ್ಷೇಪಕ್ಕೆ ಪ್ರಸಿದ್ಧವಾಗಿದೆ. ತಿರುವಾಂಕೂರಿನಿಂದ ರಫ್ತಾದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಝೈಟ್ ಇರುವುದನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಶೋಂಬರ್ಗ್ 1909ರಲ್ಲಿ ಗುರುತಿಸಿದರು. ಅಂದು ಗ್ಯಾಸ್ ದೀಪದ ಮ್ಯಾಂಟಲ್‌ಗಳಿಗೆ ಮೊನಝೈಟ್‌ನಲ್ಲಿರುವ ಥೋರಿಯಂ ಅಗತ್ಯವಾಗಿತ್ತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಗೊಂಡಿತು. ಇಲ್ಮೆನೈಟ್ ಮತ್ತು ರೂಟೈಲ್‌ಗಳಿಂದ ಬಣ್ಣದ ಉದ್ಯಮಕ್ಕೆ ಬೇಕಾದ ಟೈಟಾನಿಯಂ ಡೈಆಕ್ಸೈಡ್ ಹಾಗೂ ಮೊನಝೈಟ್‌ನಿಂದ ವಿರಳ ಭೂಧಾತುಗಳು ದೊರೆಯುತ್ತವೆ.

ಇದೇ ತೀರದ ಆಲಪ್ಪಾಡ್ ಗ್ರಾಮವು ಸಮುದ್ರ ಮತ್ತು ಕಾಲುವೆಯ ನಡುವಿನ ಕಿರಿದಾದ ಭೂಪಟ್ಟಿಯಾಗಿದ್ದು, 2004ರ ಸುನಾಮಿಯಲ್ಲಿ ತೀವ್ರ ಹಾನಿಗೊಳಗಾಯಿತು. ಗಣಿಗಾರಿಕೆಯಿಂದ ನೆಲ ಸಮುದ್ರದ ಪಾಲಾಗುತ್ತಿದೆಯೆಂದು ಅಲ್ಲಿನ ನಿವಾಸಿಗಳು 2018ರ ಕೊನೆಯಲ್ಲಿ ಧರಣಿ ಆರಂಭಿಸಿದರು. ಉದ್ಯಮಕ್ಕೆ ಅದು ಅದಿರು. ಮೀನುಗಾರ ಕುಟುಂಬಗಳಿಗೆ ಮನೆ ನಿಂತಿರುವ ನೆಲ.

ಮರಳಿನ ಜಮಾ-ಖರ್ಚು

ಪ್ರತಿ ತೀರಕ್ಕೂ ಮರಳಿನ ಒಂದು ಲೆಕ್ಕವಿದೆ. ನದಿ ತರುವ ಮರಳು ಜಮಾ. ಅಲೆ ಸಾಗಿಸುವುದು ಹಾಗೂ ಮನುಷ್ಯ ತೆಗೆಯುವುದು ಖರ್ಚು. ಅಣೆಕಟ್ಟುಗಳಲ್ಲಿ ಮರಳು ತಂಗಿದಾಗ ಜಮಾ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ದಡದಿಂದ ಹೋದ ಮರಳು ನಷ್ಟವಲ್ಲ, ಬಹುಪಾಲು ಹಿಂದಿರುಗುವಂಥದ್ದು. ಆದರೆ ಲಾರಿಯಲ್ಲಿ ಹೋದ ಮರಳು ಹಿಂದಿರುಗುವುದಿಲ್ಲ.

ಕಡಲತೀರದ ಭಾರ ಖನಿಜಗಳು 1957ರ ಗಣಿ ಮತ್ತು ಖನಿಜ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಪರಮಾಣು ಖನಿಜಗಳ ಪಟ್ಟಿಗೆ ಸೇರಿವೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ತೆಗೆಯುವುದಕ್ಕೂ ನಿರ್ಬಂಧಗಳಿವೆ. ಕಪ್ಪು ಪಟ್ಟಿ ಕಂಡ ಮಾತ್ರಕ್ಕೆ ಅಲ್ಲಿ ಲಾಭದಾಯಕ ನಿಕ್ಷೇಪವಿದೆ ಎಂದು ತಿಳಿಯಬಾರದು. ಕೆಲವು ಅಂಗುಲಗಳ ಕೆಳಗೆ ಸಾಮಾನ್ಯ ಮರಳೇ ಇರಬಹುದಾಗಿದೆ. ಅಂತಹ ಮರಳನ್ನು ಯಾರಾದರೂ ಸಾಗಿಸುತ್ತಿರುವುದು ಕಂಡುಬಂದಲ್ಲಿ, ಸಾರ್ವಜನಿಕರು ಸಂಬಂಧಪಟ್ಟ ತಹಶೀಲ್ದಾರರ ಅಥವಾ ಜಿಲ್ಲಾಧಿಕಾರಿಗಳ ಕಛೇರಿಯ ಗಮನಕ್ಕೆ ತರಬಹುದಾಗಿದೆ.