ಮೊದಲ ರೈಫಲ್: ಯಾವ ಕಂಪನಿಯದು?

ಪ್ರಶ್ನೆ: ಮೊತ್ತಮೊದಲ ರೈಫಲ್ಲಿಗೆ ಯಾವ ಕಂಪನಿ ಉತ್ತಮ? — ಓದುಗರೊಬ್ಬರು, ಕನಕಪುರ

ಉತ್ತರ: ಕಂಪನಿಯ ನಾಮಧೇಯಕ್ಕಿಂತ ಮೊದಲು ಪ್ರಯೋಜನವನ್ನು ವಿಚಾರಿಸುವುದು ಯುಕ್ತ. ಚನ್ನಪಟ್ಟಣ, ಕನಕಪುರಗಳ ಕಾಡಂಚಿನ ಹೊಲಗಳಿಗೆ ಆನೆ ನುಗ್ಗುವುದುಂಟಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೆಳೆ ಉಳಿಸುವ ಕಾರಣಕ್ಕಾಗಿ ಅದರ ಮೇಲೆ ಗುಂಡು ಹಾರಿಸುವ ಅಧಿಕಾರವನ್ನು ರೈತನಿಗೆ ಇತ್ತಿಲ್ಲ. ರಾಮನಗರ, ಮಾಗಡಿಗಳ ಬೆಟ್ಟಗಳಲ್ಲಿ ಬೇಟೆಯಂತೂ ನಿಷಿದ್ಧವೇ ಸರಿ. ಆದುದರಿಂದ ಹೊಸಬನಿಗೆ ಉಳಿಯುವುದು ಗುರಿಯಾಟ.

ಸರ್ಕಾರಿ ಕಾರ್ಖಾನೆಯ .315 ಬೋರಿನಂಥ ಗುಂಡಿನ ರೈಫಲ್ಲಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಅನಿವಾರ್ಯ. ನಳಿಗೆಯ ಒಳವ್ಯಾಸ 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್ಲಿಗಾದರೋ 2016ರ ನಿಯಮಗಳು ಅದನ್ನು ಅಪೇಕ್ಷಿಸವು. ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯ ಆಯುಧವೂ 4.5 ಮಿ.ಮೀ.ನದೇ.

ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬೌಗಳು ಸ್ಪರ್ಧಾಳುಗಳಲ್ಲಿ ಪ್ರಖ್ಯಾತವಾದರೂ ಬೆಲೆ ಲಕ್ಷಗಳನ್ನು ಮುಟ್ಟುವುದರಿಂದ, ಅಭ್ಯಾಸವಿನ್ನೂ ಕೈಗೂಡದವನಿಗೆ ಅವು ದುಂದುವೆಚ್ಚವೇ. ದೇಶೀಯವಾದ ಪ್ರೆಸಿಹೋಲ್ ಸುಲಭ ಬೆಲೆಯದು, ಅದರ ಬಿಡಿಭಾಗ ಮತ್ತು ದುರಸ್ತಿಗಾಗಿ ಪರದೇಶವನ್ನು ನೆಚ್ಚಬೇಕಾಗಿಲ್ಲ. ಆದರೂ ಹಣ ತೆರುವ ಮುನ್ನ ತರಬೇತಿ ಕೇಂದ್ರದ ರೈಫಲ್ಲಿನಲ್ಲಿಯೇ ಕೆಲಕಾಲ ಅಭ್ಯಸಿಸಿ, ಹಿಡಿಯ ಉದ್ದ ಭುಜಕ್ಕೆ ಒಪ್ಪುವುದೇ, ಕಣ್ಣು ಅನಾಯಾಸವಾಗಿ ಗುರಿನೋಟಕ್ಕೆ ಸಮನಾಗುವುದೇ, ಭಾರವನ್ನು ತೋಳು ತಾಳುವುದೇ, ಕುದುರೆಯೆಳೆತ ಮೃದುವಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಈ ನಾಲ್ಕೂ ಒಪ್ಪಿದಲ್ಲಿ ದೇಶೀಯ ರೈಫಲ್ಲನ್ನೇ ಕೊಳ್ಳಿ. ಅಂಕಗಳು ಏರಿದ ಮೇಲೆ ಜರ್ಮನಿಯದನ್ನು ಆಲೋಚಿಸಬಹುದು.