ಬಾಲದ ಚಕ್ರದ ವಿಮಾನ ಇಳಿಸುವುದು ಯಾಕೆ ಕಷ್ಟ?

ಕಳೆದ ರಜೆಯಲ್ಲಿ ಅಮ್ಮನ ಚಿಕ್ಕಪ್ಪ (ನಮಗೆಲ್ಲ ಛೋಟೆ ನಾನಾ) ನನ್ನನ್ನು ಬಸವೇಶ್ವರನಗರದಿಂದ ಊರಿನ ಇನ್ನೊಂದು ತುದಿಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ನಾನು ಯುದ್ಧವಿಮಾನ ಮಾರುತ್ ನೋಡಲು ಓಡಿದೆ. ಅವರು ನಿಂತದ್ದು ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನದ ಮುಂದೆ. ಡಾ. ವಿ. ಎಂ. ಘಾಟಗೆ ಅವರ ತಂಡ ನಮ್ಮ ಬೆಂಗಳೂರಿನಲ್ಲೇ ವಿನ್ಯಾಸ ಮಾಡಿದ ಇದು ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಮೂಗು ಆಕಾಶಕ್ಕೆ, ಬಾಲ ನೆಲಕ್ಕೆ, ಬಾಲದಡಿ ಒಂದು ಚಿಕ್ಕ ಚಕ್ರ. "ಇದರ ತಮ್ಮನ ಮೇಲೆ ನಾನು ಕಲಿತದ್ದು" ಎಂದರು ನಾನಾ. ತಮ್ಮ ಎಂದರೆ ಪುಷ್ಪಕ್, 1958ರಲ್ಲಿ ಎಚ್‌ಎಎಲ್ ಹಾರಿಸಿದ ಎರಡು ಆಸನದ ವಿಮಾನ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಹಳ ಜನ ಕಲಿತದ್ದು ಅದರಲ್ಲೇ.

ನಾನಾ ಒಂಟಿಯಾಗಿ ಹಾರಲು ಶುರುಮಾಡಿ ಕೆಲವೇ ದಿನವಾಗಿತ್ತಂತೆ. ಒಂದು ಬೆಳಿಗ್ಗೆ ಮೂರೂ ಚಕ್ರ ಒಟ್ಟಿಗೆ, ಹೂವಿನಂತೆ ನೆಲ ಮುಟ್ಟಿದವು. ಖುಷಿಯಲ್ಲಿ ಪೆಡಲ್ ಮೇಲಿನ ಕಾಲು ಸಡಿಲ ಬಿಟ್ಟರು. ವಿಮಾನ ಎಡಕ್ಕೆ ಗಿರ್ರನೆ ತಿರುಗಿ ಬಲ ರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಗಾಯವಾಗಲಿಲ್ಲ. ಆದರೆ ಒಂದು ವಾರ "ಇನ್ನು ಹಾರುವುದೇ ಬೇಡ" ಎಂದು ಮನೆಯಲ್ಲಿ ಕುಳಿತಿದ್ದರಂತೆ.

ಕಾರಣ ನಮ್ಮ ಪಠ್ಯದಲ್ಲೇ ಇದೆ: ದ್ರವ್ಯರಾಶಿ ಕೇಂದ್ರ. ಇಂಥ ವಿಮಾನದಲ್ಲಿ ಅದು ಮುಂದಿನ ಎರಡು ಚಕ್ರಗಳ ಹಿಂದಿರುತ್ತದೆ. ಮೂಗು ಸ್ವಲ್ಪ ಪಕ್ಕಕ್ಕೆ ಹೊರಳಿದರೂ ಹಿಂದಿನ ಭಾರ ನೇರವಾಗಿಯೇ ಹೋಗಲು ನೋಡುತ್ತದೆ, ಚಕ್ರಗಳನ್ನು ದಾಟಿ ಮುಂದೆ ಬರಲು ಹವಣಿಸುತ್ತದೆ. ಹಾಗಾಗಿ ಸಣ್ಣ ತಿರುವು ತಾನಾಗಿಯೇ ದೊಡ್ಡದಾಗುತ್ತದೆ. ಮೂಗಿನ ಕೆಳಗೆ ಚಕ್ರವಿರುವ ಈಗಿನ ವಿಮಾನಗಳಲ್ಲಿ ಭಾರ ಮುಖ್ಯ ಚಕ್ರಗಳ ಮುಂದಿರುವುದರಿಂದ ತಿರುವು ತಾನೇ ಸರಿಹೋಗುತ್ತದೆ. ನನಗೆ ನಂಬಿಕೆ ಬರಲಿಲ್ಲ. ಒಂದು ಹಲಗೆಗೆ ಎರಡು ಗಟ್ಟಿ ಚಕ್ರ, ಒಂದು ಸುತ್ತುವ ಚಕ್ರ ಹಾಕಿ, ನಡುವೆ ಡಿಕ್ಷನರಿ ಇಟ್ಟು ಕಾಲೇಜಿನ ಕಾರಿಡಾರಿನಲ್ಲಿ ತಳ್ಳಿದೆ. ಸುತ್ತುವ ಚಕ್ರ ಮುಂದಿದ್ದಾಗ ನೇರ ಹೋಯಿತು. ಗಟ್ಟಿ ಚಕ್ರ ಮುಂದಿದ್ದಾಗ ಅರ್ಧ ದಾರಿಯಲ್ಲೇ ಹಿಂದುಮುಂದಾಯಿತು!

ಪುಟಿಯುವುದಕ್ಕೂ ಇದೇ ಕಾರಣ. ವೇಗ ಹೆಚ್ಚಿದ್ದು ಮುಂದಿನ ಚಕ್ರಗಳು ಮೊದಲು ಬಡಿದರೆ ಹಿಂದಿನ ಭಾರಕ್ಕೆ ಬಾಲ ಕುಸಿಯುತ್ತದೆ, ಮೂಗು ಏಳುತ್ತದೆ, ರೆಕ್ಕೆಗೆ ಎತ್ತುವ ಬಲ ಮತ್ತೆ ಸಿಗುತ್ತದೆ. ವಿಮಾನ ಕಪ್ಪೆಯಂತೆ ಜಿಗಿಯುತ್ತದೆ. ದೊಡ್ಡ ಜಿಗಿತವಾದರೆ ಸರಿಪಡಿಸುತ್ತ ಕೂರಬಾರದು, ಪೂರ್ತಿ ಶಕ್ತಿ ಕೊಟ್ಟು ಮತ್ತೊಂದು ಸುತ್ತು ಹಾಕಿ ಬರಬೇಕು.

ಹಾಗಾದರೆ ಸುಧಾರಿಸುವುದು ಹೇಗೆ? ಮೊದಲನೆಯದು ಸರಿಯಾದ ವೇಗದಲ್ಲಿ ಬರುವುದು. ನೆಲದ ಸ್ವಲ್ಪ ಮೇಲೆ ವಿಮಾನವನ್ನು ಹಾಗೇ ಹಿಡಿದು, ಕೋಲನ್ನು ನಿಧಾನ ಹಿಂದೆಳೆಯುತ್ತ, ಅದು ತಾನೇ ಸುಸ್ತಾಗಿ ಕುಳಿತುಕೊಳ್ಳುವವರೆಗೆ ಕಾಯಬೇಕು. ಮೂಗು ಎದುರಿನ ನೋಟ ಮರೆಮಾಡುತ್ತದೆ. ಆದ್ದರಿಂದ ದೃಷ್ಟಿ ದೂರವಿರಲಿ, ರನ್‌ವೇಯ ಎರಡೂ ಅಂಚು ಕಣ್ಣಂಚಿನಲ್ಲಿರಲಿ. ಅಡ್ಡಗಾಳಿಯಿದ್ದರೆ ಗಾಳಿಯ ಕಡೆಯ ರೆಕ್ಕೆ ತಗ್ಗಿಸಿ, ರಡ್ಡರ್‌ನಿಂದ ಮೂಗು ನೇರವಾಗಿಡಬೇಕು. ನೆಲ ಮುಟ್ಟಿದ ಮೇಲೆ ಕೋಲು ಪೂರ್ತಿ ಹಿಂದೆ, ಕಾಲುಗಳಿಂದ ಚಿಕ್ಕ ಚಿಕ್ಕ ಒತ್ತು. ತಿರುವು ಕಣ್ಣಿಗೆ ಕಾಣುವಷ್ಟಾದರೆ ತಡವಾಯಿತೆಂದೇ ಅರ್ಥ.

"ನಿಂತು, ಎಂಜಿನ್ ಆರಿಸಿದ ಮೇಲೆಯೇ ಕಾಲು ತೆಗೆಯುತ್ತಿದ್ದೆ" ಎಂದರು ನಾನಾ. ಎಂಟನೇ ದಿನ ಅವರು ಮತ್ತೆ ಹಾರಿದ್ದರು.

ನನ್ನ ಹಲಗೆ ಫಿಸಿಕ್ಸ್ ಲ್ಯಾಬಿನ ಕಿಟಕಿಯ ಬಳಿ ಇದೆ. ತಳ್ಳಿ ನೋಡುವವರು ನೋಡಬಹುದು, ಡಿಕ್ಷನರಿ ಮಾತ್ರ ನೀವೇ ತನ್ನಿ.